ಹಳೆಯ ಪೇಟೆಯ ಏಳುಬೀಳು: ಕ್ರಾಫರ್ಡ್ ಮಾರುಕಟ್ಟೆ ಕಲಿಸುವ ಪಾಠ



ಕಳೆದ ಚಳಿಗಾಲದ ಒಂದು ಶನಿವಾರ ನಾವು ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಕ್ರಾಫರ್ಡ್ ಮಾರುಕಟ್ಟೆಯನ್ನು ನೋಡಲು ಹೋಗಿದ್ದೆವು. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ ರೈಲಿನಿಂದಿಳಿದು ಉತ್ತರಕ್ಕೆ ಸ್ವಲ್ಪ ದೂರ ನಡೆದರೆ ಆ ಮಾರುಕಟ್ಟೆಯ ಗಡಿಯಾರದ ಗೋಪುರ ಕಣ್ಣಿಗೆ ಬೀಳುವುದು. ಹಬ್ಬದ ದಿನವಲ್ಲದಿದ್ದರೂ ಅಂದು ಬೀದಿಯಲ್ಲಿ ಕಾಲಿಡಲು ತೆರಪಿರಲಿಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತ ಪಾಟಿವಾಲರು, ಹಾತಗಾಡಿ ತಳ್ಳುವವರು, ಕೂಗಿ ಕರೆಯುವ ಅಂಗಡಿಯ ಹುಡುಗರು, ಇವರೆಲ್ಲರ ನಡುವೆ ದಾರಿ ಮಾಡಿಕೊಂಡು ಹೋಗುತ್ತಿದ್ದಾಗ ನಮ್ಮ ವಿದ್ಯಾರ್ಥಿಯೊಬ್ಬನು ಅಂಗಿಯ ತೋಳನ್ನು ಮೆಲ್ಲನೆ ಜಗ್ಗಿ ಕೇಳಿದನು: “ಸರ್, ಇಲ್ಲಿ ಇಷ್ಟು ಜನರಿದ್ದಾರೆ. ಈ ಪೇಟೆ ಇಳಿಮುಖವಾಗಿದೆ ಎಂದು ತರಗತಿಯಲ್ಲಿ ನೀವು ಹೇಳಿದ್ದು ಹೇಗೆ ಸರಿಯಾಗುತ್ತದೆ?”

ಪ್ರಶ್ನೆ ಯೋಗ್ಯವಾದುದೇ. ಬೀದಿಯ ಗದ್ದಲದಲ್ಲಿ ನಾವು ಅವನಿಗೆ ಕೊಟ್ಟ ಉತ್ತರ ಅರೆಬರೆಯಾಗಿದ್ದಿತು. ಪೂರ್ಣವಾದ ಉತ್ತರವನ್ನು ಈ ಲೇಖನದಲ್ಲಿ ಕೊಡಲು ಯತ್ನಿಸಿರುವೆವು. ಇದು ಕೇವಲ ವ್ಯಾಪಾರದ ವಿಷಯವೆಂದು ನೀವು ಬದಿಗಿಡಬಾರದು. ನಿಮ್ಮಲ್ಲಿ ಅನೇಕರ ತಂದೆಯವರೂ ಚಿಕ್ಕಪ್ಪ, ದೊಡ್ಡಪ್ಪಂದಿರೂ ಆ ಪೇಟೆಯ ಅಂಗಡಿಗಳಲ್ಲಿ, ಹೋಟೆಲುಗಳಲ್ಲಿ, ಕಚೇರಿಗಳಲ್ಲಿ ದುಡಿದವರು. ಕೆಲವರು ಇಂದಿಗೂ ದುಡಿಯುತ್ತಿರುವವರು. ಪೇಟೆಯ ಸುಖದುಃಖವು ನಿಮ್ಮ ಮನೆಯ ಸುಖದುಃಖವೂ ಹೌದು.

ಇಲ್ಲಿ ‘ಹಳೆಯ ಪೇಟೆ’ ಎಂದು ಹೇಳುವಾಗ ಕ್ರಾಫರ್ಡ್ ಮಾರುಕಟ್ಟೆಯೊಂದನ್ನೇ ನಾವು ಉದ್ದೇಶಿಸಿಲ್ಲ. ಅರಿವೆಗಳಿಗೆ ಹೆಸರಾದ ಮಂಗಳದಾಸ ಮಾರುಕಟ್ಟೆ, ಸಗಟು ಬಟ್ಟೆಯ ಮೂಲಜಿ ಜೇಠಾ ಮಾರುಕಟ್ಟೆ, ಚಿನ್ನಬೆಳ್ಳಿಯ ಝವೇರಿ ಬಜಾರ್, ವಿದ್ಯುತ್ ಸಾಮಾನಿನ ಲೋಹಾರ್ ಚಾಳ್, ಕಾಲಬಾದೇವಿ, ಭೆಂಡಿ ಬಜಾರ್ ಇವೆಲ್ಲವೂ ಒಂದಕ್ಕೊಂದು ಅಂಟಿಕೊಂಡು ಬೆಳೆದವು. ಒಂದರ ಕಥೆಯಲ್ಲಿ ಎಲ್ಲದರ ಕಥೆಯೂ ಅಡಗಿದೆ.

ಪೇಟೆ ಹುಟ್ಟಿದ ಬಗೆ

ಮುಂಬಯಿಯ ‘ಫೋರ್ಟ್’ ಭಾಗಕ್ಕೆ ಆ ಹೆಸರು ಬಂದುದು ಒಂದು ಕಾಲಕ್ಕೆ ಅಲ್ಲಿ ನಿಜವಾಗಿಯೂ ಕೋಟೆಯ ಗೋಡೆಗಳಿದ್ದುದರಿಂದ. ಗೋಡೆಯೊಳಗೆ ಆಂಗ್ಲರೂ ಸಿರಿವಂತ ವರ್ತಕರೂ ಇದ್ದರು. ಗೋಡೆಯ ಹೊರಗೆ ಉತ್ತರ ದಿಕ್ಕಿನಲ್ಲಿ ದೇಶೀಯರ ಕೇರಿಗಳು ಬೆಳೆದಿದ್ದುವು. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೊರಟಿತು. 1860ರ ದಶಕದಲ್ಲಿ, ಸರ್ ಬಾರ್ಟಲ್ ಫ್ರೇರ್ ಗವರ್ನರಾಗಿದ್ದಾಗ, ಕೋಟೆಯ ಗೋಡೆಗಳನ್ನು ಕೆಡವಿದರು. ಒಳಗಿನ ಊರೂ ಹೊರಗಿನ ಊರೂ ಒಂದಾದುವು. ಇವೆರಡೂ ಸೇರುವ ಸ್ಥಳದಲ್ಲಿಯೇ ನಮ್ಮ ಮಾರುಕಟ್ಟೆ ಎದ್ದುನಿಂತಿತು.

ಅದೇ ಸಮಯಕ್ಕೆ ದೂರದ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಿದ್ದಿತು. 1861ರಿಂದ 1865ರವರೆಗೆ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸರಿಯಾಗಿ ತಲಪಲಿಲ್ಲ. ಆಗ ಗಿರಣಿಯವರ ಕಣ್ಣು ಹಿಂದುಸ್ಥಾನದ ಹತ್ತಿಯ ಮೇಲೆ ಬಿದ್ದಿತು. ಮುಂಬಯಿ ಬಂದರಕ್ಕೆ ಹಣದ ಹೊಳೆಯೇ ಹರಿಯಿತು. ಇದರಲ್ಲಿ ನಮ್ಮ ನಾಡಿನ ಪಾಲೂ ಇದ್ದಿತು. ಧಾರವಾಡ ಸೀಮೆಯ ಕರಿಮಣ್ಣಿನ ಹತ್ತಿಯನ್ನು ಕಡಲ ದಾರಿಯಿಂದ ಸಾಗಿಸಲು ಅನುಕೂಲವಾಗಲೆಂದು ಕಾರವಾರದ ಬಂದರಕ್ಕೆ ಮಹತ್ವ ಬಂದಿತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸು ಇಲಾಖೆಯಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿದುದಕ್ಕೂ ಇದೇ ಕಾರಣ. ಯುದ್ಧ ಮುಗಿಯುತ್ತಲೇ ಹತ್ತಿಯ ಬೆಲೆ ಕುಸಿಯಿತು, ಅನೇಕ ಸಾಹುಕಾರರು ದಿವಾಳಿಯೆದ್ದರು. ಆದರೆ ಆ ನಾಲ್ಕೈದು ವರ್ಷಗಳಲ್ಲಿ ನಗರಕ್ಕೆ ಬಂದ ಬಲವು ಹಾಗೆಯೇ ಉಳಿಯಿತು.

1865ರಲ್ಲಿ ನಗರದ ಮೊದಲ ಮುನಿಸಿಪಲ್ ಕಮಿಷನರ್ ಆಗಿ ಬಂದ ಆರ್ಥರ್ ಕ್ರಾಫರ್ಡ್ ಎಂಬವರ ಕಾಲದಲ್ಲಿ ಈ ಮಾರುಕಟ್ಟೆಯ ಕೆಲಸ ನಡೆದು, 1869ರಲ್ಲಿ ಮುಗಿಯಿತು. ನಕ್ಷೆ ವಿಲಿಯಂ ಎಮರ್ಸನ್ ಎಂಬ ಶಿಲ್ಪಿಯದು. ಕುರ್ಲಾದ ಮಾಸಲು ಹಳದಿಯ ಕಲ್ಲಿಗೆ ವಸಈಯ ಕೆಂಪು ಕಲ್ಲನ್ನು ಕೂಡಿಸಿ ಇದನ್ನು ಕಟ್ಟಿದ್ದಾರೆ. ಬಾಗಿಲ ಮೇಲಿರುವ ಶಿಲ್ಪಗಳನ್ನು ರಚಿಸಿದವರು ಎದುರಿಗಿರುವ ಜೆ. ಜೆ. ಕಲಾಶಾಲೆಯಲ್ಲಿ ಅಧ್ಯಾಪಕರಾಗಿದ್ದ ಲಾಕ್‌ವುಡ್ ಕಿಪ್ಲಿಂಗರು. ಕಥೆಗಾರ ರಡ್ಯಾರ್ಡ್ ಕಿಪ್ಲಿಂಗರ ತಂದೆ. ಆ ಶಿಲ್ಪಗಳಲ್ಲಿ ರಾಜರಿಲ್ಲ, ಸೇನಾಪತಿಗಳಿಲ್ಲ, ಬೇಸಾಯದ ಜನರಿದ್ದಾರೆ. ಪೇಟೆಗೆ ಒಡೆಯರು ಯಾರೆಂಬುದನ್ನು ಕಲ್ಲಿನಲ್ಲಿಯೇ ಬರೆದಿಟ್ಟಂತೆ ನಮಗೆ ತೋರಿತು. ಒಳಗೆ ಪ್ರಾಣಿಪಕ್ಷಿಗಳನ್ನು ಕೆತ್ತಿದ ಒಂದು ಕಾರಂಜಿಯೂ ಉಂಟು. 1882ರಲ್ಲಿ ಈ ಮಾರುಕಟ್ಟೆಗೆ ವಿದ್ಯುದ್ದೀಪಗಳು ಬಂದುವು. ದೇಶದಲ್ಲಿ ಮೊದಲು ವಿದ್ಯುತ್ತಿನ ಬೆಳಕನ್ನು ಕಂಡ ಕಟ್ಟಡಗಳಲ್ಲಿ ಇದೂ ಒಂದೆಂಬ ಕೀರ್ತಿ ಇದಕ್ಕಿದೆ. ಸ್ವಾತಂತ್ರ್ಯಾನಂತರ ಇದಕ್ಕೆ ಮಹಾತ್ಮಾ ಜ್ಯೋತಿಬಾ ಫುಲೆ ಮಂಡಈ ಎಂದು ಹೆಸರಿಟ್ಟರು. ರೈತನ ಪರವಾಗಿ ಲೇಖನಿ ಹಿಡಿದ ಮಹನೀಯರ ಹೆಸರು ರೈತರ ಶಿಲ್ಪವಿರುವ ಕಟ್ಟಡಕ್ಕೆ ಬಂದುದು ಉಚಿತವೇ ಆಯಿತು.

ಜನ ಬರುವ ದಾರಿಯೂ ಸುಗಮವಾಯಿತು. 1874ರ ಮೇ 9ರಂದು ಕುದುರೆ ಎಳೆಯುವ ಟ್ರಾಮುಗಳು ಆರಂಭವಾದಾಗ ಒಂದು ಮಾರ್ಗವು ಕೊಲಾಬಾದಿಂದ ಕ್ರಾಫರ್ಡ್ ಮಾರುಕಟ್ಟೆಯ ಮೇಲಾಗಿ ಪಾಯಧುನಿಗೆ ಹೋಗುತ್ತಿತ್ತು. ಇನ್ನೊಂದು ಬೋರಿಬಂದರದಿಂದ ಕಾಲಬಾದೇವಿಯ ಮೇಲಾಗಿ ಅಲ್ಲಿಗೇ ಸೇರುತ್ತಿತ್ತು. 1907ರಲ್ಲಿ ವಿದ್ಯುತ್ ಟ್ರಾಮು ಬಂದಿತು. 1964ರ ಮಾರ್ಚ್ 31ರಂದು ಕೊನೆಯ ಟ್ರಾಮು ಓಡಿತು. ಊರಿನ ಮೊದಲ ಟ್ರಾಮುಗಳು ಈ ಪೇಟೆಯ ಮೇಲಾಗಿಯೇ ಓಡಿದುದನ್ನು ನೀವು ಗಮನಿಸಬೇಕು.

ಒಂದು ಬುಟ್ಟಿ, ಹತ್ತು ಒಲೆ

ಈಗ ಮಾವಿನ ಹಣ್ಣಿನ ಒಂದು ಬುಟ್ಟಿಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಕೊಂಕಣದ ತೋಟದಿಂದ ಹೊರಟ ಆ ಬುಟ್ಟಿ ನಸುಕಿನಲ್ಲಿ ಮಾರುಕಟ್ಟೆಗೆ ಬರುವುದು. ಲಾರಿಯಿಂದ ಇಳಿಸಲು ಹಮಾಲನು ಬೇಕು. ಬೆಲೆ ಕಟ್ಟಲು ದಲಾಲನು, ಲೆಕ್ಕ ಬರೆಯಲು ಗುಮಾಸ್ತನು, ಹಣ್ಣನ್ನು ಹಣ್ಣಾಗಿಸಲು ಹುಲ್ಲು ಮಾರುವವನು, ಕಟ್ಟಲು ಹಗ್ಗ ಮಾರುವವನು ಬೇಕು. ಕೊಂಡ ಚಿಲ್ಲರೆ ವರ್ತಕನ ಅಂಗಡಿಗೆ ಒಯ್ಯಲು ಹಾತಗಾಡಿಯವನು ಬೇಕು. ಇವರೆಲ್ಲರಿಗೂ ನಾಲ್ಕು ಗಂಟೆಯ ನಸುಕಿನಲ್ಲಿ ಬಿಸಿ ಚಹಾ ಬೇಕು. ಮಧ್ಯಾಹ್ನಕ್ಕೆ ಕಡಮೆ ಬೆಲೆಯ ಊಟ ಬೇಕು. ರಾತ್ರಿ ಮಲಗಲು ಹತ್ತಿರದಲ್ಲೊಂದು ಖೋಲಿ ಬೇಕು. ಹೀಗೆ ಒಂದು ಬುಟ್ಟಿ ಹಣ್ಣು ಹತ್ತು ಮನೆಯ ಒಲೆಗಳನ್ನು ಉರಿಸುತ್ತಿತ್ತು.

ಇನ್ನು ಬಂದ ಗಿರಾಕಿಯು ಹಣ್ಣನ್ನು ಮಾತ್ರ ಕೊಂಡು ಹೋಗುತ್ತಿರಲಿಲ್ಲ. ಮಗಳ ಮದುವೆಗೆಂದು ಬಂದವನು ಮಂಗಳದಾಸದಲ್ಲಿ ಅರಿವೆಯನ್ನು, ಝವೇರಿ ಬಜಾರಿನಲ್ಲಿ ತಾಳಿಯನ್ನು, ಪಕ್ಕದ ಓಣಿಯಲ್ಲಿ ಪಾತ್ರೆಗಳನ್ನು ಕೊಂಡು, ಲಗ್ನಪತ್ರಿಕೆಯನ್ನೂ ಅಚ್ಚಿಗೆ ಕೊಟ್ಟು ಸಂಜೆಯ ರೈಲಿಗೆ ಮರಳುತ್ತಿದ್ದನು. ಒಂದು ಅಂಗಡಿಯು ಕರೆತಂದ ಗಿರಾಕಿಯಿಂದ ಹತ್ತು ಅಂಗಡಿಗಳಿಗೆ ಲಾಭವಾಗುತ್ತಿತ್ತು. ಪೇಟೆಯ ಗುಟ್ಟು ಇಷ್ಟೇ: ಅದು ಅಂಗಡಿಗಳ ಸಾಲಲ್ಲ, ಒಬ್ಬರು ಇನ್ನೊಬ್ಬರನ್ನು ಹಿಡಿದು ನಿಂತ ಜನರ ಸಾಲು.

ಆ ಸಾಲಿನಲ್ಲಿ ನಮ್ಮವರೂ ಇದ್ದರು. ದಕ್ಷಿಣ ಕನ್ನಡದಿಂದ ಹಡಗಿನಲ್ಲಿ, ಬಸ್ಸಿನಲ್ಲಿ ಬಂದ ಎಷ್ಟೋ ಹುಡುಗರು ಕೋಟೆ ಭಾಗದ ಹೋಟೆಲುಗಳಲ್ಲಿ ಹಗಲು ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಗಳ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಪರೀಕ್ಷೆಗೆ ಓದಿದರು. ಪೇಟೆ ಅವರಿಗೆ ಅನ್ನ ಕೊಟ್ಟಿತು. ರಾತ್ರಿಶಾಲೆ ಅಕ್ಷರ ಕೊಟ್ಟಿತು. ಪೇಟೆ ಅಲ್ಲಿರದಿದ್ದರೆ ಶಾಲೆಯೂ ಅಲ್ಲಿರುತ್ತಿರಲಿಲ್ಲ.

ಇಳಿತದ ಕಾರಣಗಳು

ಪೇಟೆಯ ಇಳಿತಕ್ಕೆ ಒಂದೇ ಕಾರಣವಿಲ್ಲ. ನಮಗೆ ಮುಖ್ಯವೆಂದು ತೋರಿದ ಐದನ್ನು ಇಲ್ಲಿ ವಿವರಿಸುವೆವು.

ಮೊದಲನೆಯದು ಗಿರಣಿಗಳ ಅವಸಾನ. ಹತ್ತಿಯಿಂದ ಬೆಳೆದ ಮುಂಬಯಿಯಲ್ಲಿ ಬಟ್ಟೆಯ ಗಿರಣಿಗಳು ಲಕ್ಷಾಂತರ ಜನರಿಗೆ ಕೆಲಸ ಕೊಟ್ಟಿದ್ದುವು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರ ಮುಗಿದು ಗಿರಣಿಗಳು ಮೊದಲಿನಂತೆ ತೆರೆದುವೆಂದು ಹೇಳುವ ದಿನ ಬರಲೇ ಇಲ್ಲ. ಒಂದೊಂದಾಗಿ ಅವು ಮುಚ್ಚಿದುವು. ಸಂಬಳದ ದಿನ ಪೇಟೆಗೆ ಬರುತ್ತಿದ್ದ ಗಿರಾಕಿಗಳ ಒಂದು ದೊಡ್ಡ ವರ್ಗವೇ ಇಲ್ಲವಾಯಿತು.

ಎರಡನೆಯದು ಸಗಟು ವ್ಯಾಪಾರದ ಸ್ಥಳಾಂತರ. ಕಿರಿದಾದ ರಸ್ತೆಗಳಲ್ಲಿ ಲಾರಿಗಳ ಸಾಲು ಹೆಚ್ಚಿದುದರಿಂದ, 1996ರಲ್ಲಿ ಕ್ರಾಫರ್ಡ್ ಮಾರುಕಟ್ಟೆಯ ಹಣ್ಣಿನ ಸಗಟು ವ್ಯಾಪಾರವನ್ನು ಖಾರಿಯ ಆಚೆಗೆ, ನವಿ ಮುಂಬಯಿಯ ವಾಶಿಗೆ ಒಯ್ದರು. ಹಣ್ಣಿನೊಡನೆ ಹಮಾಲರೂ ಹೋದರು, ದಲಾಲರೂ ಹೋದರು, ನಸುಕಿನ ಚಹಾದ ಗಿರಾಕಿಗಳೂ ಹೋದರು.

ಮೂರನೆಯದು ಜನವಸತಿಯ ಸ್ಥಳಾಂತರ. ಜನಗಣತಿಯ ಲೆಕ್ಕವನ್ನು ನೋಡಿರಿ. 2001ರಲ್ಲಿ ಮುಂಬಯಿ ನಗರ ಜಿಲ್ಲೆಯ ಜನಸಂಖ್ಯೆ 33,38,031. 2011ರಲ್ಲಿ ಅದು 30,85,411ಕ್ಕೆ ಇಳಿಯಿತು. ಅದೇ ಹತ್ತು ವರ್ಷಗಳಲ್ಲಿ ಉಪನಗರ ಜಿಲ್ಲೆಯ ಜನಸಂಖ್ಯೆ 86 ಲಕ್ಷದಿಂದ 93 ಲಕ್ಷಕ್ಕೆ ಏರಿತು. ಜನ ಹೋದಲ್ಲಿಗೆ ಅಂಗಡಿಗಳೂ ಹೋಗುವುದು ಸಹಜ. ಕಚೇರಿಗಳೂ ಬಾಂದ್ರಾ-ಕುರ್ಲಾ ಸಂಕೀರ್ಣದ ಕಡೆ ಸರಿದುವು. ಒಪೆರಾ ಹೌಸ್ ಭಾಗದಲ್ಲಿದ್ದ ವಜ್ರದ ವ್ಯಾಪಾರದ ಬಹುಭಾಗವು 2010ರಲ್ಲಿ ಅಲ್ಲಿ ತೆರೆದ ಭಾರತ ಡೈಮಂಡ್ ಬೋರ್ಸ್‌ಗೆ ಹೋಯಿತು. ಈಚೆಗೆ ಮನೆಯಲ್ಲಿಯೇ ಕುಳಿತು ಫೋನಿನಲ್ಲಿ ಸಾಮಾನು ತರಿಸುವ ರೂಢಿಯೂ ಬಂದಿದೆ.

ನಾಲ್ಕನೆಯದು ಹಳೆಯ ಕಟ್ಟಡಗಳ ದುರವಸ್ಥೆ. 1947ರ ಬಾಡಿಗೆ ಕಾಯಿದೆಯು 1940ರ ಬಾಡಿಗೆಯನ್ನೇ ಆಧಾರವಾಗಿಟ್ಟು ಬಾಡಿಗೆದಾರರಿಗೆ ರಕ್ಷಣೆ ಕೊಟ್ಟಿತು. ಬಡವನನ್ನು ಬೀದಿಗೆ ತಳ್ಳದಂತೆ ತಡೆದ ಕಾಯಿದೆ ಅದು. ಅದರ ಉಪಕಾರವನ್ನು ಮರೆಯಬಾರದು. ಆದರೆ ಬಾಡಿಗೆ ಏರದಿದ್ದುದರಿಂದ ಮಾಲೀಕರು ದುರಸ್ತಿಯನ್ನೂ ಬಿಟ್ಟರು. ಮರದ ತೊಲೆಗಳು ಗೆದ್ದಲಿಗೆ ತುತ್ತಾದುವು. 2015ರ ಮೇ 9ರಂದು ಕಾಲಬಾದೇವಿಯ ಹಳೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದಾಗ ಅಗ್ನಿಶಾಮಕ ದಳದ ನಾಲ್ವರು ಅಧಿಕಾರಿಗಳು ಪ್ರಾಣ ತೆತ್ತರು. 2017ರ ಆಗಸ್ಟ್ 31ರಂದು ಭೆಂಡಿ ಬಜಾರಿನ ಹುಸೇನಿ ಕಟ್ಟಡ ಕುಸಿದು 33 ಜನರು ಮಡಿದರು. ಹಳೆಯದನ್ನು ಹೊಗಳಿ ಬರೆಯುವವರೆಲ್ಲರೂ ಈ ಎರಡು ದಿನಾಂಕಗಳನ್ನು ನೆನಪಿನಲ್ಲಿಡತಕ್ಕದ್ದು. ಗೋಡೆಯ ಅಂದವನ್ನು ನೋಡಿ ನಾವು ಮನೆಗೆ ಮರಳುತ್ತೇವೆ; ಅದರ ಕೆಳಗೆ ಮಲಗುವವರು ಬೇರೆ ಇದ್ದಾರೆ.

ಐದನೆಯದು ದಾರಿ ತಪ್ಪಿದುದು. 2002ರಲ್ಲಿ ಮಾರುಕಟ್ಟೆಯ ಸಮೀಪದಿಂದ ಭಾಯಖಳಾದ ಕಡೆಗೆ ಮೊಹಮ್ಮದ್ ಅಲಿ ರಸ್ತೆಯ ಮೇಲೆ ಉದ್ದವಾದ ಮೇಲ್ಸೇತುವೆಯನ್ನು ತೆರೆದರು. ಇದರಿಂದ ವಾಹನಗಳಿಗೆ ವೇಗ ಬಂದುದು ನಿಜ. ಆದರೆ ಟ್ರಾಮಿನ ಕಾಲದಲ್ಲಿ ಪೇಟೆಯ ಮುಂದೆ ಇಳಿಯುತ್ತಿದ್ದ ಜನ ಈಗ ಪೇಟೆಯ ತಲೆಯ ಮೇಲಿಂದ ಹಾದುಹೋಗುತ್ತಾರೆ. ಇದರ ಮೇಲೆ 2020ರ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕ ರೋಗದ ಕಾರಣದಿಂದ ಲೋಕಲ್ ರೈಲುಗಳು ಸಾರ್ವಜನಿಕರಿಗೆ ನಿಂತುವು. ಅಂದಿನಿಂದ ಪೂರ್ತಿ ಚೇತರಿಸಿಕೊಳ್ಳದ ಅಂಗಡಿಗಳನ್ನು ನಾವೇ ಕಂಡಿರುವೆವು.

ಈ ಐದನ್ನೂ ಮತ್ತೊಮ್ಮೆ ಓದಿರಿ. ಪೇಟೆಯನ್ನು ಹಾಳುಗೆಡಹಬೇಕೆಂದು ಹಟ ತೊಟ್ಟವರು ಇವುಗಳಲ್ಲಿ ಯಾರೂ ಇಲ್ಲ. ಲಾರಿಗಳ ಕಿರುಕುಳ ತಪ್ಪಲೆಂದು ಸಗಟು ವ್ಯಾಪಾರವನ್ನು ಸಾಗಿಸಿದರು. ಬಡವರು ಉಳಿಯಲೆಂದು ಬಾಡಿಗೆಯನ್ನು ಕಟ್ಟಿಹಾಕಿದರು. ಗಾಳಿಬೆಳಕಿನ ಮನೆ ಸಿಗಲೆಂದು ಜನ ಉಪನಗರಕ್ಕೆ ಹೋದರು. ನಾವೂ ನೀವೂ ಉಪನಗರದಲ್ಲಿಯೇ ಅಲ್ಲವೆ ಇರುವುದು? ಒಳ್ಳೆಯ ಉದ್ದೇಶದಿಂದ ಮಾಡಿದ ಬೇರೆ ಬೇರೆ ಕೆಲಸಗಳು ಕೂಡಿ ಯಾರೂ ಬಯಸದ ಫಲವನ್ನು ಕೊಡುವುದುಂಟು. ಚರಿತ್ರೆಯನ್ನು ಓದುವಾಗ ಖಳನನ್ನು ಹುಡುಕುವ ಚಾಳಿಯನ್ನು ಬಿಟ್ಟು ಇದನ್ನು ಅರಿಯಲು ಕಲಿಯಬೇಕು.

ಜನಜಂಗುಳಿ ಬೇರೆ, ವ್ಯಾಪಾರ ಬೇರೆ

ಈಗ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಇಷ್ಟು ಜನರಿರುವಾಗ ಇಳಿತವೆಲ್ಲಿ? ಅಂದು ಮಾರುಕಟ್ಟೆಯೊಳಗೆ ಮುಪ್ಪಿನ ಹಣ್ಣಿನ ವರ್ತಕರೊಬ್ಬರ ಅಂಗಡಿಯ ಮುಂದೆ ನಿಂತು ಇದೇ ಪ್ರಶ್ನೆಯನ್ನು ನಾವು ಕೇಳಿದೆವು. ಅವರು ನಕ್ಕು ಮರಾಠಿಯಲ್ಲಿ ಹೇಳಿದ ಮಾತಿನ ಸಾರ ಇದು: “ಮಾಸ್ತರರೇ, ಆಗ ನಾವು ಪೆಟ್ಟಿಗೆಗಳನ್ನು ಎಣಿಸುತ್ತಿದ್ದೆವು, ಈಗ ಹಣ್ಣುಗಳನ್ನು ಎಣಿಸುತ್ತೇವೆ. ಆಗ ಬಂದವನು ಕೊಳ್ಳಲು ಬರುತ್ತಿದ್ದನು, ಈಗ ಬಂದವರಲ್ಲಿ ಅರ್ಧ ಜನ ನೋಡಲು ಬರುತ್ತಾರೆ.” ಅವರ ಮಗ ಬೇರೆ ಉದ್ಯೋಗದಲ್ಲಿದ್ದಾನೆಂದೂ ಅಂಗಡಿಯಲ್ಲಿ ತಮ್ಮ ಬಳಿಕ ಕೂರುವವರಿಲ್ಲವೆಂದೂ ಅವರು ಹೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಮ್ಮ ಮಕ್ಕಳಿಗೆ ಒಂದೊಂದು ಚಿಕ್ಕು ಹಣ್ಣನ್ನು ಕೊಟ್ಟು, ಹಣವನ್ನು ತೆಗೆದುಕೊಳ್ಳಲಿಲ್ಲ.

ಇಳಿತವೆಂದರೆ ಬೀದಿ ಬರಿದಾಗುವುದೇ ಆಗಬೇಕೆಂದಿಲ್ಲ. ಮರದ ಎಲೆ ಹಸುರಾಗಿರುವಾಗಲೇ ಬೇರು ಒಣಗತೊಡಗಿರಬಹುದು. ಪೇಟೆಗೆ ಬಂದ ಜನರನ್ನಷ್ಟೇ ಎಣಿಸಿದರೆ ಸಾಲದು. ಏಕೆ ಬಂದರು, ಏನು ಕೊಂಡರು, ನಾಳೆ ಅಂಗಡಿಯಲ್ಲಿ ಯಾರು ಕೂರುವರು ಎಂಬುದನ್ನೂ ಕೇಳಬೇಕು.

ಹೊಸ ಜೀವದ ಯತ್ನಗಳು

ಹಾಗೆಂದು ನಿರಾಶರಾಗಬೇಕಾಗಿಲ್ಲ. ಮುಂಬಯಿಯಲ್ಲಿ ಪಾರಂಪರಿಕ ಕಟ್ಟಡಗಳನ್ನು ಕಾಯುವ ನಿಯಮಗಳು 1995ರಲ್ಲಿಯೇ ಬಂದುವು. ಕ್ರಾಫರ್ಡ್ ಮಾರುಕಟ್ಟೆಗೆ ಅವುಗಳಲ್ಲಿ ಮೊದಲ ದರ್ಜೆಯ ಸ್ಥಾನ ದೊರೆಯಿತು. ಮಾರುಕಟ್ಟೆಯ ಜಾಗದಲ್ಲಿ ಖಾಸಗಿಯವರಿಂದ ಹೊಸ ನಿರ್ಮಾಣ ಮಾಡಿಸುವ ಯೋಜನೆಯೊಂದು ಈ ಶತಮಾನದ ಮೊದಲ ದಶಕದಲ್ಲಿ ಬಂದಾಗ ನಾಗರಿಕರು ವಿರೋಧಿಸಿದರು. ಕೊನೆಗೆ ನಗರಪಾಲಿಕೆಯೇ ಹಂತಹಂತವಾಗಿ ಜೀರ್ಣೋದ್ಧಾರವನ್ನು ಕೈಗೊಂಡಿತು. ದಶಕಗಳ ಹೊಗೆ, ಧೂಳು ತೊಳೆದ ಮುಂಭಾಗದ ಕಲ್ಲನ್ನು ನೀವು ಕಂಡಿರುವಿರಿ.

ಭೆಂಡಿ ಬಜಾರಿನಲ್ಲಿ ಇನ್ನೊಂದು ದಾರಿಯನ್ನು ಹಿಡಿದರು. 2009ರಲ್ಲಿ ಸ್ಥಾಪಿತವಾದ ಸೈಫೀ ಬುರ್ಹಾನೀ ಅಪ್‌ಲಿಫ್ಟ್‌ಮೆಂಟ್ ಟ್ರಸ್ಟ್ ಎಂಬ ಸಂಸ್ಥೆಯು ಸುಮಾರು ಹದಿನಾರೂವರೆ ಎಕರೆಯಲ್ಲಿದ್ದ ಸುಮಾರು 250 ಹಳೆಯ ಕಟ್ಟಡಗಳ ಬದಲು ಎತ್ತರದ ಹೊಸ ಕಟ್ಟಡಗಳನ್ನು ಕಟ್ಟಿ, ಅಲ್ಲಿಯ ಸುಮಾರು 3,200 ಕುಟುಂಬಗಳಿಗೂ 1,250 ಅಂಗಡಿಗಳಿಗೂ ಅಲ್ಲಿಯೇ ಸ್ಥಳ ಕೊಡುವ ಕೆಲಸವನ್ನು ಕೈಗೊಂಡಿತು. ಇಲ್ಲಿ ಹಳೆಯ ಗೋಡೆಗಳು ಹೋದುವು. ಆದರೆ ಹಳೆಯ ಜನರನ್ನು ಉಳಿಸಿಕೊಳ್ಳುವುದು ಉದ್ದೇಶ. ಒಂದು ಕಡೆ ಕಲ್ಲನ್ನು ಕಾಯ್ದರು, ಇನ್ನೊಂದು ಕಡೆ ಜನರನ್ನು. ಎರಡನ್ನೂ ಕಾಯುವ ದಾರಿಯನ್ನು ಕಂಡುಹಿಡಿಯುವ ಕೆಲಸ ಬಹುಶಃ ನಿಮ್ಮ ಪೀಳಿಗೆಗೆ ಉಳಿದಿದೆ.

ಮೂರನೆಯ ಆಶೆ ನೆಲದಡಿಯಿಂದ ಬಂದಿದೆ. ಆರೆಯಿಂದ ಕಫ್ ಪರೇಡ್‌ವರೆಗಿನ 33.5 ಕಿಲೋಮೀಟರಿನ ಮೆಟ್ರೋ ಮೂರನೆಯ ಮಾರ್ಗವು 2025ರ ಅಕ್ಟೋಬರದಲ್ಲಿ ಪೂರ್ಣವಾಗಿ ತೆರೆಯಿತು. ಅದರ 27 ನಿಲ್ದಾಣಗಳಲ್ಲಿ ಕಾಲಬಾದೇವಿಯೂ ಒಂದು. ಸೇತುವೆ ಜನರನ್ನು ಪೇಟೆಯ ಮೇಲಿಂದ ದಾಟಿಸಿತು. ಮೆಟ್ರೋ ಅವರನ್ನು ಪೇಟೆಯ ಮಡಿಲಿಗೇ ತಂದಿಳಿಸುತ್ತಿದೆ. ಇದು 1874ರ ಟ್ರಾಮಿನ ದಾರಿಯನ್ನೇ ನೆನಪಿಗೆ ತರುವುದಿಲ್ಲವೆ?

ಬೇರೆ ಊರುಗಳೂ ಇದೇ ಸಮಸ್ಯೆಯನ್ನು ಎದುರಿಸುತ್ತಿವೆ. ದೆಹಲಿಯ ಚಾಂದನೀ ಚೌಕವನ್ನು 17ನೆಯ ಶತಮಾನದಲ್ಲಿ ಷಾಜಹಾನನ ಮಗಳು ಜಹಾನಾರಾ ಮಾಡಿಸಿದಳು. 2021ರಲ್ಲಿ ಅದರ ಮುಖ್ಯಬೀದಿಯನ್ನು ಹೊಸದಾಗಿ ರೂಪಿಸಿ, ಬೆಳಗಿನ ಒಂಬತ್ತರಿಂದ ರಾತ್ರಿಯ ಒಂಬತ್ತರವರೆಗೆ ಮೋಟಾರು ವಾಹನಗಳನ್ನು ನಿಷೇಧಿಸಿದರು. ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದ ಮೇಲೆ, ಅದನ್ನು ಕೆಡವಿ ಕಟ್ಟಬೇಕೆ, ದುರಸ್ತಿ ಮಾಡಬೇಕೆ ಎಂಬ ವಾದ ವರ್ಷಗಟ್ಟಲೆ ನಡೆಯಿತು. ವಾದ ಮುಂದುವರಿದಂತೆ ಮಳೆಗಾಲಗಳೂ ಬಂದುಹೋದುವು. ನಿರ್ಧಾರ ಮಾಡದಿರುವುದೂ ಒಂದು ನಿರ್ಧಾರವೇ ಎಂಬುದನ್ನು ಇದರಿಂದ ಕಲಿಯಬಹುದು.

ಹೊಸದೆಲ್ಲ ಬಾಳುವುದೆಂದೂ ತಿಳಿಯಬೇಡಿರಿ. 1999ರಲ್ಲಿ ಹಾಜಿ ಅಲಿಯ ಬಳಿ ಮುಂಬಯಿಯ ಮೊದಲ ಮಾಲ್ ತೆರೆದಾಗ ಜನ ಮುಗಿಬಿದ್ದು ನೋಡಲು ಹೋಗಿದ್ದರಂತೆ. ಕಾಲಾಂತರದಲ್ಲಿ ಅದರ ಒಡೆತನ ಬದಲಾಯಿತು, ಹೆಸರು ಬದಲಾಯಿತು, ಮಳಿಗೆಗಳು ಬರಿದಾದುವು. ಒಂದೂವರೆ ಶತಮಾನ ಕಳೆದ ಕ್ರಾಫರ್ಡ್ ಮಾರುಕಟ್ಟೆಯಲ್ಲಿ ಮಾತ್ರ ಇಂದು ಬೆಳಿಗ್ಗೆಯೂ ಬಾಗಿಲು ತೆರೆದಿದ್ದಾರೆ.

ನಾವು ಕಲಿಯತಕ್ಕ ಪಾಠ

ಈ ಎಲ್ಲ ಸಂಗತಿಗಳಿಂದ ನಾವು ತೆಗೆದ ಸಾರ ಒಂದೇ. ಪೇಟೆಯನ್ನು ಬದುಕಿಸುವುದು ಕಟ್ಟಡವಲ್ಲ. ಬರಲು ಇರುವ ಕಾರಣ. ಕಲ್ಲನ್ನು ತೊಳೆದು ಗಡಿಯಾರವನ್ನು ಸರಿಪಡಿಸಿದರೆ ನೋಡುವವರು ಬರುವರು. ಹಮಾಲನಿಗೆ ನೆರಳು, ಕುಡಿಯುವ ನೀರು, ಕಕ್ಕಸು, ಹಳೆಯ ವರ್ತಕನಿಗೆ ತಾಳಬಲ್ಲ ಬಾಡಿಗೆ, ಗಿರಾಕಿಗೆ ನಡೆಯಲು ಕಾಲುದಾರಿ ಇವನ್ನು ಒದಗಿಸಿದರೆ ಕೊಳ್ಳುವವರು ಬರುವರು. ಮೊದಲನೆಯದನ್ನು ಮಾತ್ರ ಮಾಡಿದರೆ ಪೇಟೆ ಉಳಿಯದು, ಅದರ ಚಿತ್ರಪಟ ಉಳಿದೀತು.

ಇಷ್ಟು ಬರೆದ ಮೇಲೆ ಮನಸ್ಸಿನಲ್ಲಿರುವ ಇನ್ನೊಂದು ಮಾತನ್ನೂ ಹೇಳಿಬಿಡುವೆವು. ನಾವು ಹಳ್ಳಿಯ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿ ಈ ಮಹಾನಗರಕ್ಕೆ ಬಂದವರು. ಈ ಶಾಲೆಯ ಹಳೆಯ ಹಾಜರಿ ಪುಸ್ತಕಗಳನ್ನು ಒಮ್ಮೆ ತೆರೆದು ನೋಡಿದಾಗ, ಒಂದೊಂದು ತರಗತಿಗೆ ಎರಡೆರಡು ವಿಭಾಗಗಳಿದ್ದುದನ್ನು ಕಂಡೆವು. ಇಂದು ಒಂದು ವಿಭಾಗದ ಬೆಂಚುಗಳೂ ತುಂಬುವುದಿಲ್ಲ. ಇಲ್ಲಿಯೂ ಖಳರಿಲ್ಲ. ಮಕ್ಕಳ ಹಿತವನ್ನೇ ಬಯಸಿ ತಂದೆತಾಯಿಗಳು ಅವರನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುತ್ತಾರೆ. ಕುಟುಂಬಗಳು ದೂರದ ಉಪನಗರಗಳಿಗೆ ಹೋಗುತ್ತವೆ. ಶಾಲೆಯ ಗೋಡೆಗೆ ಸುಣ್ಣ ಬಳಿದರೆ ಈ ಕೊರತೆ ತೀರುವುದಿಲ್ಲ. ಇಲ್ಲಿಗೆ ಬರಲು ಕಾರಣವಿರಬೇಕು. ಪಾಠ ಚೆನ್ನಾಗಿರಬೇಕು, ಕನ್ನಡದಲ್ಲಿ ಕಲಿತವನು ಗಣಿತದಲ್ಲಿಯೂ ವಿಜ್ಞಾನದಲ್ಲಿಯೂ ಇಂಗ್ಲಿಷಿನಲ್ಲಿಯೂ ಹಿಂದೆ ಬೀಳನೆಂಬ ನಂಬಿಕೆ ಹುಟ್ಟಬೇಕು. ಆ ನಂಬಿಕೆಯನ್ನು ಹುಟ್ಟಿಸುವುದು ಅಧ್ಯಾಪಕರಾದ ನಮ್ಮ ಕರ್ತವ್ಯ. ಅದನ್ನು ನಿಜಮಾಡಿ ತೋರಿಸುವುದು ನಿಮ್ಮ ಕರ್ತವ್ಯ.

ಪೇಟೆಗಾಗಿ ನೀವು ಮಾಡಬಹುದಾದುದು ಚಿಕ್ಕದು, ಆದರೆ ಇಲ್ಲವೆಂದಲ್ಲ. ಮುಂದಿನ ಹಬ್ಬಕ್ಕೆ ಮನೆಯವರೊಡನೆ ಒಮ್ಮೆ ಅಲ್ಲಿಗೆ ಹೋಗಿರಿ. ನೋಡುವವರಾಗಿ ಮಾತ್ರ ಅಲ್ಲ, ಏನಾದರೊಂದನ್ನು ಕೊಳ್ಳುವವರಾಗಿ ಹೋಗಿರಿ. ಬಾಗಿಲ ಮೇಲಿನ ರೈತರ ಶಿಲ್ಪವನ್ನು ತಲೆಯೆತ್ತಿ ನೋಡಿರಿ. ಅಲ್ಲಿ ದುಡಿದ ನಿಮ್ಮ ಹಿರಿಯರಿದ್ದರೆ ಅವರ ನೆನಪುಗಳನ್ನು ಕೇಳಿ ಬರೆದಿಡಿರಿ. ದೊಡ್ಡ ಗ್ರಂಥಗಳಲ್ಲಿ ಕಾಣಸಿಗದ ಚರಿತ್ರೆ ಆ ನೆನಪುಗಳಲ್ಲಿದೆ. ಅದನ್ನು ಕನ್ನಡದಲ್ಲಿ ಬರೆಯಬಲ್ಲವರು ನೀವೇ.

ತೋಳು ಜಗ್ಗಿ ಪ್ರಶ್ನೆ ಕೇಳಿದ ಆ ವಿದ್ಯಾರ್ಥಿಯ ತಂದೆ ಮಾರುಕಟ್ಟೆಯ ಬಳಿಯ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ಚಹಾ ಮಾಡಿದವರೆಂದು ನಮಗೆ ತಿಳಿದುದು ಮರಳಿ ಬರುವಾಗ, ರೈಲಿನಲ್ಲಿ. ಅವನು ಅಷ್ಟು ಕಾತರದಿಂದ ಕೇಳಿದ ಕಾರಣ ಆಗ ಅರ್ಥವಾಯಿತು. ಅವನಿಗೆ ಬೇಕಾಗಿದ್ದುದು ಚರಿತ್ರೆಯ ಪಾಠವಲ್ಲ. ಆ ಹೋಟೆಲು ಉಳಿಯುವುದೆ ಎಂಬ ಮಾತಿಗೆ ಉತ್ತರ. ಉಳಿಯುವುದೆಂದು ನಾವು ಮಾತು ಕೊಡಲಾರೆವು. ಉಳಿಯಬೇಕಾದರೆ ಏನೇನು ಬೇಕೆಂಬುದನ್ನು ಮಾತ್ರ ಇಲ್ಲಿ ಬರೆದಿರುವೆವು.

ಅಭ್ಯಾಸ

1. ಅಮೆರಿಕದ ಅಂತರ್ಯುದ್ಧಕ್ಕೂ ಧಾರವಾಡ ಸೀಮೆಯ ರೈತನಿಗೂ ಮುಂಬಯಿಯ ಪೇಟೆಗೂ ಇರುವ ಸಂಬಂಧವನ್ನು ವಿವರಿಸಿರಿ.

2. 2001 ಮತ್ತು 2011ರ ಗಣತಿಗಳ ನಡುವೆ ಮುಂಬಯಿ ನಗರ ಜಿಲ್ಲೆಯಲ್ಲಿ ಎಷ್ಟು ಜನ ಕಡಮೆಯಾದರು? ಶೇಕಡಾ ಎಷ್ಟು?

3. 1947ರ ಬಾಡಿಗೆ ಕಾಯಿದೆಯಿಂದ ಆದ ಒಂದು ಒಳಿತನ್ನೂ ಒಂದು ಕೆಡುಕನ್ನೂ ಬರೆಯಿರಿ.

4. ಕ್ರಾಫರ್ಡ್ ಮಾರುಕಟ್ಟೆ ಮತ್ತು ಭೆಂಡಿ ಬಜಾರ್, ಇವುಗಳ ಪುನರುಜ್ಜೀವನದ ದಾರಿಗಳಲ್ಲಿ ನಿಮಗೆ ಯಾವುದು ಹಿತವೆನಿಸುವುದು? ಕಾರಣ ಕೊಡಿರಿ.

5. ನಿಮ್ಮ ಮನೆಯ ಹತ್ತಿರದ ಒಂದು ಅಂಗಡಿಯನ್ನು ಆರಿಸಿಕೊಂಡು, ಅದನ್ನು ನಂಬಿ ಬದುಕುವವರು ಎಷ್ಟು ಜನರೆಂದು ವಿಚಾರಿಸಿ, ಒಂದು ಪುಟದಲ್ಲಿ ಬರೆದು ತನ್ನಿರಿ.